ಕನ್ನಡಕದಂಗಡಿಯ ಪಾಡ್‌ಕಾಸ್ಟ್ ಪಂಡಿತ

ನಮ್ಮ ಬೀದಿಯ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಈ ಮಹಾಶಯನ ಕಿವಿಗಳು ಅವನವಲ್ಲ, ಪಾಡ್‌ಕಾಸ್ಟಿನವು. ಬ್ರೆಜಿಲ್, ಜಮೈಕಾ, ಪ್ಯಾರಿಸ್ ಎಂದು ಆಫ್ರಿಕಾದಿಂದ ಕಪ್ಪು ಜನ ಚದುರಿಹೋದ ಕಡೆಯೆಲ್ಲ ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಾರೆ ಎಂಬ ಚರ್ಚೆ ಆ ಕಿವಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆದೇ ಇರುತ್ತದೆ. ಬಾಗಿಲ ಗಂಟೆ ಕೇಳಿಸದು, ಹೆಂಡತಿಯ ಫೋನೂ ಕೇಳಿಸದು. ಗಿರಾಕಿ ಭುಜ ಹಿಡಿದು ಅಲ್ಲಾಡಿಸಿದರೆ ಒಂದು ಕಿವಿಯ ಇಯರ್‌ಫೋನು ಮಾತ್ರ ತೆಗೆದು, "ಬ್ರೆಜಿಲಿನವರ ನೋವೇ ಬೇರೆ, ಪ್ಯಾರಿಸಿನವರದ್ದೇ ಬೇರೆ ಸ್ವಾಮಿ" ಎಂದು ಉಪದೇಶ ಶುರು ಮಾಡುತ್ತಾನೆ. ಓದಲೆಂದು ಕೇಳಿದ ನನ್ನ ಕನ್ನಡಕಕ್ಕೆ ದೂರದ ಗಾಜು ಕೂರಿಸಿ ಕೊಟ್ಟ ದಿನವೂ ಇದೇ ಉಪದೇಶ. ನಡುವೆ ನಾನು ಬಾಯ್ತಪ್ಪಿ "ಆ ಕರಿಯರು" ಅಂದದ್ದೇ ತಡ, ಮೈಮೇಲೇ ಬಿದ್ದ: "ಹಾಗನ್ನಬೇಡಿ! ಮೈಬಣ್ಣ ಹಿಡಿದು ಹೆಸರಿಡೋಕೆ ನೀವ್ಯಾರು?" ಆಮೇಲೆ ಎರಡೂ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೂತ. ಇವನ ಜಂಬ ಇಳಿಸಿಯೇ ಹೋಗೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಂಗಡಿಯ ಯಜಮಾನ, ಇವನ ಸೋದರಮಾವ, ಒಳಗಿನಿಂದ ದನಿ ಏರಿಸದೆಯೇ ಕರೆದ: "ಲೇ ಕರಿಯಾ, ಬಾರೋ ಇಲ್ಲಿ." ಗಂಟೆಗೂ ಏಳದವನು ಎರಡೂ ಇಯರ್‌ಫೋನು ಕಿತ್ತಿಟ್ಟು, ನಗುನಗುತ್ತಲೇ ಎದ್ದು ಓಡಿದ: "ಬಂದೆ ಮಾವಾ!"