ಕಿವಿಯ ಮುಂದಿನ ಪುಟ್ಟ ಕದ

ಅಜ್ಜಿಯ ಎಡಗಿವಿಯ ರಂಧ್ರದ ಮುಂದೆ ಅಕ್ಕಿಕಾಳಿನಷ್ಟು ಅಗಲದ ನುಣುಪು ಜಾಗವೊಂದಿತ್ತು. ವರ್ಷಗಟ್ಟಲೆ ಅದೇ ಬೆರಳು ಅಲ್ಲೇ ಒತ್ತಿದ ಗುರುತು ಅದು ಎಂದು ನಾನು ಅಂದುಕೊಂಡಿದ್ದೆ.

ಹಾರನಹಳ್ಳಿಯ ಹತ್ತಿರ, ಅಮ್ಮನ ತವರಿನ ಅಟ್ಟದಲ್ಲಿ ಸಿಪ್ಪೆ ಸಮೇತ ತೆಂಗಿನಕಾಯಿಗಳು ಹೆಚ್ಚುಕಡಿಮೆ ಒಂದು ವರ್ಷ ಒಣಗುತ್ತ ಮಲಗಿರುತ್ತವೆ. ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುವವರೆಗೆ ಒಡೆಯುವಂತಿಲ್ಲ. ಅದು ಕಣ್ಣಿಗೆ ತಿಳಿಯುವುದಿಲ್ಲ. ಅಜ್ಜಿ ಒಂದೊಂದನ್ನೂ ಬಲಗಿವಿಯ ಬಳಿ ಅಲ್ಲಾಡಿಸಿ, ಎಡಗಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು ಕೇಳುತ್ತಿದ್ದರು. ಹೆಂಚಿನ ಸಂದಿಯ ಬೆಳಕಿನಲ್ಲಿ ಧೂಳು ತೇಲುತ್ತಿತ್ತು. ಚಿಕ್ಕಂದಿನಲ್ಲಿ ಹದವಾಗಿ ಒಣಗಿದ ಒಂದನ್ನು ನನಗೂ ಒಮ್ಮೆ ಕೇಳಿಸಿದ್ದರು: ಯಾರೋ ನಿದ್ದೆಯಲ್ಲಿ ಮಗ್ಗುಲಾದಂಥ ಸದ್ದು.

ಅವರ ಬೆರಳು ಒತ್ತುತ್ತಿದ್ದ ಆ ಪುಟ್ಟ ಕದಕ್ಕೆ ಟ್ರೇಗಸ್ ಎನ್ನುತ್ತಾರೆಂದು ಪ್ರಾಣಿಶಾಸ್ತ್ರ ಓದುವಾಗ ತಿಳಿಯಿತು. ಕೆನ್ನೆ ಮುಗಿಯುವಲ್ಲಿ ಚರ್ಮ ಹೊದ್ದು ನಿಂತ ಮೃದ್ವಸ್ಥಿಯ ತುಣುಕು. ಹಿಂದಿನಿಂದ ಬರುವ ಸದ್ದನ್ನು ತಡೆದು ಒಳಕ್ಕೆ ತಿರುಗಿಸಲು ನೆರವಾಗುತ್ತದೆ. ಆಮೇಲೊಮ್ಮೆ ಹಳೇಬೀಡಿಗೆ ಹೋದಾಗ ಕಲ್ಲಿನ ಹೆಂಗಸರ ಓಲೆಗಳ ಹಿಂದೆ ಅದನ್ನೇ ಹುಡುಕುತ್ತ ಸಂಜೆ ಮಾಡಿದ್ದೆ.

ಕಳೆದ ಬೇಸಿಗೆಯಲ್ಲಿ ಅಜ್ಜಿ ಆರಿಸಿಕೊಟ್ಟ ಕಾಯಿಗಳನ್ನು ಮಾವ ಅಂಗಳದಲ್ಲಿ ಒಡೆಯುತ್ತಿದ್ದರು. ಮೂರರಿಂದ ನೀರು ಚಿಮ್ಮಿತು.

"ಅವ್ವ, ಇದೂ ಹಸಿ! ನಿನ್ ಕಿವಿಗೇನಾಗೈತೆ?"

"ನಿನ್ ಮಚ್ಚು ಮೊಂಡಾಗೈತೆ, ನನ್ ಕಿವಿ ಅಂತೀಯ."

"ಸಾಕು ಬಿಡವ್ವ. ಇನ್ಮೇಲೆ ನಾನೇ ಆರಿಸ್ಕೊತೀನಿ."

ಅಜ್ಜಿ ಎದ್ದು ಒಳಗೆ ಬಂದರು. ಅಟ್ಟದ ಏಣಿಯನ್ನೇ ನೋಡುತ್ತ ಕುಳಿತರು. ಆ ಏಣಿ ಹತ್ತುವ ಹಕ್ಕು ಈ ಮನೆಯಲ್ಲಿ ಅವರೊಬ್ಬರದೇ ಆಗಿತ್ತು.

"ಎಷ್ಟು ದಿನದಿಂದ ಕೇಳಿಸ್ತಿಲ್ಲ, ಅಜ್ಜಿ?" ಎಂದೆ.

"ಕೂಗ್ಬೇಡ ಕಣೇ, ಅವನಿಗೆ ಕೇಳ್ಸುತ್ತೆ. ಬೆಳ್ಳುಳ್ಳಿ ಎಣ್ಣೆ ಬಿಟ್ಟು ಹತ್ತಿ ಇಟ್ಕೊಂಡಿದ್ದೆ. ಆದ್ರೂ ಮುಚ್ಕೊಂಡೇ ಐತೆ. ವಯಸ್ಸಾಯ್ತಲ್ಲ."

ನಾನು ಬಲಗಿವಿಯ ಟ್ರೇಗಸ್ಸನ್ನು ಮೆಲ್ಲಗೆ ಒತ್ತಿದೆ.

"ಅಯ್ಯೋ, ಜೀವ ಹೋಯ್ತು!"

ಆ ನೋವು ಕಂಡು ನನಗೆ ಒಳಗೊಳಗೇ ಸಮಾಧಾನವಾಯಿತು. ಅಲ್ಲಿ ಒತ್ತಿದಾಗ ನೋಯುವುದು ಹೆಚ್ಚಾಗಿ ಹೊರಕಿವಿಯ ತೊಂದರೆಯಿಂದ. ವಯಸ್ಸಿನ ಕಿವುಡಿಗೆ ಈ ನೋವಿರುವುದಿಲ್ಲ.

ಆ ಮಧ್ಯಾಹ್ನವೇ ಬಸ್ಸಿನಲ್ಲಿ ಅರಸೀಕೆರೆಗೆ ಕರೆದುಕೊಂಡು ಹೋದೆ. ಕಿವಿಯ ಡಾಕ್ಟರೂ ಮೊದಲು ಅಲ್ಲೇ ಒತ್ತಿದರು. ಒಳಗೆ ಉಳಿದಿದ್ದ, ಎಣ್ಣೆ ಕುಡಿದ ಹತ್ತಿಯ ಚೂರನ್ನು ಚಿಮಟದಿಂದ ತೆಗೆದರು.

"ಕಿವಿ ತಮಟೆ ಚೆನ್ನಾಗಿದೆ ಅಜ್ಜಿ. ನಾಳೆಯೇ ಅಲ್ಲ, ಊತ ಇಳಿದ ಮೇಲೆ ಕೇಳಿಸುತ್ತೆ. ಇನ್ನು ಎಣ್ಣೆ ಬೇಡ," ಎಂದರು. ನನ್ನ ಕಡೆ ತಿರುಗಿ, ಟ್ರೇಗಸ್ ತೋರಿಸಿ, "ಹನಿ ಹಾಕಿ, ಇದನ್ನ ಪಂಪಿನ ಹಾಗೆ ಮೆತ್ತಗೆ ನಾಲ್ಕು ಸಲ ಒತ್ತಿ. ಔಷಧಿ ಒಳಗೆ ಇಳಿಯುತ್ತೆ," ಎಂದರು.

ವಾಪಸು ಬರುವಾಗ ಕಿಟಕಿಯಾಚೆ ತೋಟಗಳು ತೂಕಡಿಸುತ್ತಿದ್ದವು. "ಅಲ್ಲೀತಂಕ ಅವನೇ ಅಟ್ಟ ಹತ್ತುತಾನೆ," ಎಂದರು ಅಜ್ಜಿ, ನನಗಲ್ಲ ಎಂಬಂತೆ.

ಮರುದಿನ ಬೆಳಿಗ್ಗೆ ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹನಿ ಹಾಕಿ, ಆ ಪುಟ್ಟ ಕದವನ್ನು ನಾಲ್ಕು ಸಲ ಒತ್ತಿದೆ. ಮಾವ ಹಾಲು ಕರೆಯಲು ಹೋದ ಹೊತ್ತಿಗೆ ಏಣಿ ಹತ್ತಿದೆ. ಎಡಗಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು, ಬಲಗಿವಿಯ ಬಳಿ ಒಂದೊಂದೇ ಕಾಯಿ ಅಲ್ಲಾಡಿಸಿದೆ. ಒಳಗೆ ಮಗ್ಗುಲಾದವುಗಳನ್ನು ಮಾತ್ರ ಅಜ್ಜಿಯ ಬುಟ್ಟಿಗೆ ತುಂಬಿ, ಮಾವ ಬರುವ ಮೊದಲೇ ಅವರು ಕುಳಿತಿದ್ದಲ್ಲಿಗೆ ಇಳಿಸಿಕೊಟ್ಟೆ.