ಹೊಳೆನರಸೀಪುರದಲ್ಲಿ ನಾನೇ ಹಾಕಿದ ಲೂಪ್

ಕೊರೊನಾ ಕಳೆದ ಮರುವರ್ಷ ನಾನು ಹಾಸನದ ಒಂದು ಖಾಸಗಿ ಕೇಂದ್ರದಲ್ಲಿ ನೆಟ್‌ವರ್ಕಿಂಗ್ ಬೋಧಕಿಯಾಗಿದ್ದೆ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸಕ್ಕೆ ಸೇರಬೇಕೆನ್ನುವವರು ಬರೆಯುವ ಮೊದಲ ಮೆಟ್ಟಿಲಿನ ಸರ್ಟಿಫಿಕೇಟ್ ಪರೀಕ್ಷೆಗೆ ತಯಾರು ಮಾಡುವುದು ನನ್ನ ಕೆಲಸ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕೇಬಲ್ಲಿಗೆ ಪ್ಲಗ್ ವಾರೆಯಾಗಿ ಕೂರಿಸಿದರೆ ಕತ್ತರಿಸಿ ಬಿಸಾಡಿ, ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದೆ.

ದುದ್ದದ ಲೋಕೇಶ ಆ ವರ್ಷದ ಬ್ಯಾಚಿನವನು. ಇಪ್ಪತ್ತೇಳು ವಯಸ್ಸು, ಮದುವೆಯಾಗಿತ್ತು. ಹೊಳೆನರಸೀಪುರದಲ್ಲಿ ಇಂಟರ್‌ನೆಟ್ ಕೇಬಲ್ ವ್ಯಾಪಾರ ಮಾಡುತ್ತಿದ್ದ ಶಿವಣ್ಣನ ಬಳಿ ಕಂಬ ಹತ್ತುತ್ತಿದ್ದ. ಆ ವ್ಯಾಪಾರದಲ್ಲಿ ಹೊಡೆದಾಟ ಮಾಮೂಲು. ಚನ್ನರಾಯಪಟ್ಟಣದ ಇನ್ನೊಬ್ಬ ಆಪರೇಟರ್ ಅದೇ ಊರಿಗೆ ಕಾಲಿಟ್ಟಿದ್ದ. ಇವರ ಕೇಬಲ್ ಅವರು ಕತ್ತರಿಸುವುದು, ಅವರ ಲೈನ್‌ಮನ್ ಸಿಕ್ಕರೆ ಇವರು ಕಂಬದಿಂದ ಎಳೆದು ಬಡಿಯುವುದು ನಡೆದೇ ಇತ್ತು. ಲೋಕೇಶನಿಗೆ ಅದರಿಂದ ಪಾರಾಗಬೇಕಿತ್ತು. ಪರೀಕ್ಷೆ ಪಾಸಾದರೆ ಅರಕಲಗೂಡಿನ ಒಂದು ಆಸ್ಪತ್ರೆಯಲ್ಲಿ ನೆಟ್‌ವರ್ಕ್ ಸಹಾಯಕನ ಕೆಲಸ ಕೊಡುತ್ತೇವೆ ಎಂದಿದ್ದರು. ಪರೀಕ್ಷೆಗೆ ಇನ್ನೊಂದು ವಾರವಿತ್ತು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಶಿವಣ್ಣನ ಫೋನು ಬಂತು.

“ಮೇಡಂ, ನಿಮ್ ಶಿಷ್ಯ ನಮ್ ಆಫೀಸ್ನಾಗವ್ನೆ. ಚನ್ರಾಯಪಟ್ಣದೋರ್ ತಾವ ಕಾಸು ತಿಂದು, ಮ್ಯಾಚ್ ನಡೀವಾಗ್ಲೇ ನನ್ ಲೈನ್ ಬೀಳ್ಸವ್ನೆ. ಪರೀಕ್ಷೆಗೆ ಪ್ರಾಕ್ಟೀಸ್ ಮಾಡ್ತಿದ್ದೆ ಅಂತಾನೆ. ಬಂದು ತೋರ್ಸಿ. ಪೊಲೀಸ್ರು ಗಿಲೀಸ್ರು ಅಂದ್ರೆ ಅವ್ನ ಕೈ ಇರಾಕಿಲ್ಲ.”

ಹಿಂದೆ ಲೋಕೇಶ ಕಿರುಚಿದ್ದು ಕೇಳಿಸಿತು. ಕಲಸಿದ ಅನ್ನ ಬಿಟ್ಟು ಎದ್ದೆ. ಕಾರು ಹತ್ತಿ ಹೊಳೆನರಸೀಪುರದ ದಾರಿ ಹಿಡಿದೆ. ಭಯಕ್ಕಿಂತ ಸಿಟ್ಟೇ ಹೆಚ್ಚಿತ್ತು.

ಕೊಬ್ಬರಿ ಮಂಡಿಯ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಲೋಕೇಶನನ್ನು ಪ್ಲಾಸ್ಟಿಕ್ ಕುರ್ಚಿಗೆ ಕೇಬಲ್ಲಿನಿಂದಲೇ ಬಿಗಿದಿದ್ದರು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ಅಂಗಿಯ ಮುಂಭಾಗವೆಲ್ಲ ರಕ್ತ. ಶಿವಣ್ಣನ ಬಾಮೈದನ ಕೈಯಲ್ಲಿ ಕ್ರಿಂಪಿಂಗ್ ಟೂಲ್ ಇತ್ತು, ಅಂದರೆ ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸುವ ಇಕ್ಕಳ. ಅದರಿಂದ ಲೋಕೇಶನ ಬಲಗೈಯ ಎರಡು ಬೆರಳುಗಳನ್ನು ಆಗಲೇ ಜಜ್ಜಿದ್ದರು. ನಾನು ನೋಡುತ್ತಿರುವಾಗಲೇ ಬಾಮೈದ ಮೂರನೆಯದನ್ನು ಹಿಡಿದ.

“ಬಿಡೋ ಅದನ್ನ,” ಎಂದು ಕೂಗಿದೆ. ಶಿವಣ್ಣ ಕೈಸನ್ನೆ ಮಾಡಿದ ಮೇಲೆ ಬಿಟ್ಟ.

ಆದದ್ದು ಇಷ್ಟು. ಭಾನುವಾರ ಡ್ಯೂಟಿಯಲ್ಲಿ ಒಬ್ಬನೇ ಇದ್ದ ಲೋಕೇಶ ಅಭ್ಯಾಸಕ್ಕೆಂದು ಒಂದು ಕೇಬಲ್ಲಿನ ಎರಡು ತುದಿಗಳನ್ನೂ ಒಂದೇ ಸ್ವಿಚ್ಚಿಗೆ ಸಿಕ್ಕಿಸಿದ್ದ. ಸ್ವಿಚ್ ಎಂದರೆ ಎಲ್ಲ ಕೇಬಲ್ಲುಗಳು ಬಂದು ಸೇರುವ ಪೆಟ್ಟಿಗೆ. ಹಾಗೆ ಸಿಕ್ಕಿಸಿದರೆ ಅದಕ್ಕೆ ಲೂಪ್ ಎನ್ನುತ್ತೇವೆ. ಒಂದು ತುದಿಯಿಂದ ಹೋದ ಸಂದೇಶ ಇನ್ನೊಂದರಿಂದ ವಾಪಸು ಬಂದು, ಸುತ್ತಿ ಸುತ್ತಿ ಬೆಳೆದು ಇಡೀ ನೆಟ್‌ವರ್ಕನ್ನು ಕಟ್ಟಿಹಾಕುತ್ತದೆ. ಒಳ್ಳೆಯ ಸ್ವಿಚ್ಚುಗಳು ತಾವೇ ತಡೆಯುತ್ತವೆ. ಶಿವಣ್ಣನದು ಅಗ್ಗದ ಮಾಲು. ಊರೆಲ್ಲ ನೆಟ್ ಹೋಯಿತು. ಲೋಕೇಶ ಗಾಬರಿಬಿದ್ದು ಹುಡುಕಿ ಕೇಬಲ್ ಕಿತ್ತ, ನೆಟ್ ಬಂತು. ಅದೇ ಅವನಿಗೆ ಮುಳುವಾಯಿತು.

“ಕೆಡ್ಸಿದೋನ್ಗಲ್ವಾ ಸರಿ ಮಾಡಾಕೆ ಗೊತ್ತಿರೋದು?” ಎಂದ ಶಿವಣ್ಣ.

“ಇದು ಪರೀಕ್ಷೆಯ ಪಾಠವೇ, ಒಂದು ಕೇಬಲ್ ಸಾಕು. ಈಗ ನಾನೂ ಕೆಡಿಸುತ್ತೇನೆ, ನೋಡಿ. ನಾನೂ ಕಾಸು ತಿಂದಿದ್ದೇನಾ ಹೇಳಿ,” ಎಂದೆ.

ಸ್ವಿಚ್ಚುಗಳಿದ್ದ ರ‍್ಯಾಕಿನಲ್ಲಿ ನೂರಾರು ನೀಲಿ ಕೇಬಲ್ಲುಗಳು ಗೋಜಲಾಗಿ ಜೋತಾಡುತ್ತಿದ್ದವು. ಅವರಿಗೆ ಬೆನ್ನು ಮಾಡಿ ನಿಂತು, ಒಂದು ನೀಲಿ ಕೇಬಲ್ಲಿನ ಎರಡೂ ತುದಿಗಳನ್ನು ಸಿಕ್ಕಿಸಿದೆ. ದೀಪಗಳೆಲ್ಲ ಒಟ್ಟಿಗೆ ಹುಚ್ಚೆದ್ದು ಮಿನುಗಿದವು. ಅರೆಗಳಿಗೆಯಲ್ಲಿ ನೆಟ್ ಹೋದ ಗಿರಾಕಿಗಳಿಂದ ಶಿವಣ್ಣನ ಫೋನು ಬಡಿದುಕೊಳ್ಳತೊಡಗಿತು.

“ಆಯ್ತು ಮೇಡಂ, ಗೊತ್ತಾಯ್ತು. ಬೇಕಂತ ಮಾಡಿಲ್ಲ ಅವ್ನು. ತಗೀರಿ ಈಗ.” ಆಮೇಲೆ ಬಾಮೈದನತ್ತ ತಿರುಗಿ, “ನೆಟ್ ಬಂದ್ಮ್ಯಾಕೆ ಇನ್ನೊಂದ್ ಬೆಳ್ಳು ಮುರೀಲಾ. ಮ್ಯಾಚ್ ಒತ್ನಾಗೇ ಬೇಕಿತ್ತಾ ಇವನ್ಗೆ ಪ್ರಾಕ್ಟೀಸು,” ಎಂದ.

ಕೇಬಲ್ಲಿನತ್ತ ಹೋಗಿದ್ದ ನನ್ನ ಕೈ ಅಲ್ಲೇ ನಿಂತಿತು.

“ತೆಗೆಯೋದಿಲ್ಲ. ಮೊದಲು ಅವನನ್ನ ಬಿಚ್ಚಿ. ಅವನು ಆಟೋ ಹತ್ತಿ ಆಸ್ಪತ್ರೆಗೆ ಹೋಗಿದ್ದನ್ನ ಈ ಕಿಟಕಿಯಿಂದ ನೋಡಿದ ಮೇಲೆ ತೆಗೀತೀನಿ.”

ಬಾಮೈದ ನನ್ನ ಕತ್ತು ಹಿಡಿದು ರ‍್ಯಾಕಿಗೆ ಗುದ್ದಿಸಿದ. ತುಟಿ ಒಡೆಯಿತು, ಬಾಯೆಲ್ಲ ರಕ್ತದ ರುಚಿ. ನನಗೆ ಎಲ್ಲಿತ್ತೋ ಧೈರ್ಯ. “ಹೊಡಿ. ಯಾವ ಕೇಬಲ್ ಅಂತ ಈ ಬಾಯೇ ಹೇಳಬೇಕು. ಒಡೆದರೆ ನಿನಗೇ ನಷ್ಟ,” ಎಂದೆ.

ಬಾಮೈದ ಸಿಕ್ಕ ಸಿಕ್ಕ ಕೇಬಲ್ಲುಗಳನ್ನು ಕಿತ್ತ. ನೆಟ್ ಬರಲಿಲ್ಲ. ಇನ್ನೆರಡು ಫೋನುಗಳು ಶುರುವಾದವು. “ಲೇ ಲೋಕೇಸ, ನೀನಾರ ತಗೀಲಾ,” ಎಂದು ಬಾಮೈದ ಅವನನ್ನು ಕುರ್ಚಿಸಮೇತ ರ‍್ಯಾಕಿನ ಹತ್ತಿರ ಎಳೆದ.

ಲೋಕೇಶ ಜಜ್ಜಿದ ಕೈಯನ್ನು ನೋಡಿಕೊಂಡು, “ಯಾವ ಕೈನಾಗೆ ತಗೀಲಿ ಸಾ?” ಎಂದ.

ಅವನು ಅಣಕಿಸಲು ಹೇಳಿದ್ದಲ್ಲ. ಆ ಆಫೀಸಿನಲ್ಲಿ ಲೂಪ್ ಹುಡುಕಬಲ್ಲವನು ಅವನೊಬ್ಬನೇ, ಅವನ ಕೈಯನ್ನೇ ಅವರು ಮುರಿದಿದ್ದರು. ಶಿವಣ್ಣ ಮತ್ತೆ ಬಡಿದುಕೊಳ್ಳುತ್ತಿದ್ದ ಫೋನನ್ನು ನೋಡಿದ, ನನ್ನನ್ನು ನೋಡಿದ. “ಬಿಚ್ಲಾ ಅವನ್ನ,” ಎಂದ. ಆಟೋ ತಿರುವು ದಾಟಿದ ಮೇಲೆ ನಾನು ಕೇಬಲ್ ಕಿತ್ತು, ಅವರು ಗಿರಾಕಿಗಳ ಫೋನುಗಳಿಗೆ ಉತ್ತರ ಹೇಳುವುದರಲ್ಲಿರುವಾಗಲೇ ಕೆಳಗಿಳಿದು, ನೇರವಾಗಿ ಠಾಣೆಗೆ ಹೋದೆ.

ಇಬ್ಬರೂ ಅರೆಸ್ಟ್ ಆದರು. ಕೇಸು ಇನ್ನೂ ನಡೆಯುತ್ತಿದೆ. ರಾಜಿಗೆ ಬಂದವರಿಗೆ ನಾನು ಕಾಫಿಯನ್ನೂ ಕೊಡಲಿಲ್ಲ. ಲೋಕೇಶನ ಒಂದು ಬೆರಳನ್ನು ತೆಗೆಯಬೇಕಾಯಿತು. ಪರೀಕ್ಷೆ ಮುಂದೂಡಿಸಿಕೊಂಡು, ಎಡಗೈಯಲ್ಲಿ ಮೌಸ್ ಹಿಡಿದು ಬರೆದು ಪಾಸಾದ. ಆಸ್ಪತ್ರೆಯವರು ಕೆಲಸ ಕೊಟ್ಟರು. ಪ್ಲಗ್ ಕೂರಿಸುವ ಕೆಲಸವನ್ನು ಮಾತ್ರ ಬೇರೆಯವರಿಂದ ಮಾಡಿಸುತ್ತಾನೆ. ಆ ಇಕ್ಕಳ ಕಂಡರೆ ಈಗಲೂ ಬೆವರುತ್ತಾನೆ.

ಸತ್ಯ ತೋರಿಸಿಬಿಟ್ಟರೆ ಹೊಡೆಯುವವನ ಕೈ ನಿಲ್ಲುತ್ತದೆ ಎಂದು ನಂಬಿ ಅಲ್ಲಿಗೆ ಹೋಗಿದ್ದೆ. ನಿಲ್ಲಲಿಲ್ಲ. ಕೆಟ್ಟ ನೆಟ್‌ವರ್ಕನ್ನು ಆದಷ್ಟು ಬೇಗ ಸರಿಪಡಿಸಿ ಎಂದು ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಈಗ ಪ್ರತಿ ಬ್ಯಾಚಿಗೂ ಇನ್ನೊಂದು ಮಾತು ಸೇರಿಸುತ್ತೇನೆ: ಆ ಕೋಣೆಯಲ್ಲಿ ಯಾರಾದರೂ ಏಟು ತಿನ್ನುತ್ತಿದ್ದರೆ, ಅವರು ಹೊರಗೆ ಹೋಗುವವರೆಗೆ ನೆಟ್‌ವರ್ಕ್ ಕೆಟ್ಟೇ ಇರಲಿ.