ಗದ್ದಲಕ್ಕಿಂತ ಒಂದು ಉಸಿರು ಮುಂಚೆ

ದಮಯಂತಿ ಹಿಂದಿ ಕಲಿತದ್ದು ರೇಡಿಯೋದ ಕ್ರಿಕೆಟ್ ಕಾಮೆಂಟರಿಯಿಂದ. ಕಾರ್ಕಳದ ಕಡೆಯಿಂದ ಮದುವೆಯಾಗಿ ಮುಂಬೈ ಹತ್ತಿರದ ಕಳವಾಕ್ಕೆ ಬಂದ ಹೊಸತರಲ್ಲಿ, ಗಂಡ ದೇಜಪ್ಪನ ಸಣ್ಣ ಊಟದ ಹೋಟೆಲಿನ ಅಡುಗೆಮನೆಯಲ್ಲಿ ಅವಳೊಂದಿಗೆ ಮಾತಾಡುತ್ತಿದ್ದದ್ದು ಆ ಪೆಟ್ಟಿಗೆ ಒಂದೇ. ಹಾಗಾಗಿ ಅವಳ ಹಿಂದಿಗೊಂದು ಠೀವಿ ಬಂದುಬಿಟ್ಟಿತ್ತು. ಸೊಪ್ಪಿನವನು ಎಳೆಯ ಮೆಂತ್ಯದ ಕಟ್ಟು ಕೊಟ್ಟರೆ "ಬಹುತ್ ಹೀ ಶಾನ್‌ದಾರ್ ಪ್ರದರ್ಶನ್" ಎನ್ನುವಳು. ಅವನು ನಕ್ಕು ಮೇಲಿಷ್ಟು ಕೊತ್ತಂಬರಿ ಹಾಕುವನು.

ಆಟದ ಮೈದಾನವನ್ನು ಅವಳು ಕಂಡವಳೇ ಅಲ್ಲ. ಆದರೆ ಚೆಂಡು ಓಡುವುದಕ್ಕೆ ಒಂದು ಜಾಗವಂತೂ ಬೇಕಲ್ಲ. ಪಕ್ಕದ ಠಾಣೆ ಊರಿನಿಂದ ಸ್ಲೋ ಲೋಕಲ್ ಗಾಡಿ ಕಳವಾಕ್ಕೆ ದಾಟುವಾಗ ಕಿಟಕಿಯಲ್ಲಿ ಕಾಣುವ ಖಾಡಿಯನ್ನೇ, ಆ ಕಡಲ ಹಿನ್ನೀರನ್ನೇ, ಆರಿಸಿಕೊಂಡಳು. ನೀರಿಳಿದಾಗ ಹೊಳೆಯುವ ಆ ಕೆಸರುಬಯಲಿಗೆ ಮನಸ್ಸಿನಲ್ಲೇ ಹುಲ್ಲು ಹಾಸಿದಳು. ಸುತ್ತ ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳೇ ಬೌಂಡರಿ. ವೇಗದ ಬೌಲರ್ ರೈಲುಸೇತುವೆಯ ಕಡೆಯಿಂದ ಓಡಿ ಬರುವನು. ಸಿಕ್ಸರ್ ಹೋದರೆ ಚೆಂಡು ಕಾಂಡ್ಲಾದೊಳಗೆ ಬಿದ್ದು ಬೆಳ್ಳಕ್ಕಿಗಳು ಗುಂಪಾಗಿ ಏಳುವವು. ತೆಂಗಿನಕಾಯಿ ತುರಿಯುತ್ತ, ಸಾಂಬಾರಿಗೆ ಒಗ್ಗರಣೆ ಹಾಕುತ್ತ ಅವಳು ಎಷ್ಟೋ ಮಧ್ಯಾಹ್ನಗಳನ್ನು ಆ ದಡದಲ್ಲೇ ಕಳೆದಳು.

ವರ್ಷಗಳ ಮೇಲೆ ದೇಜಪ್ಪ ಗಿರಾಕಿಗಳು ಕೂರುವಲ್ಲಿ ದೊಡ್ಡ ಟಿವಿ ಹಾಕಿಸಿ, ಮಾಡಿನ ಮೇಲೆ ಡಿಶ್ ನಿಲ್ಲಿಸಿದ. "ಬಾ ಮಾರಾಯ್ತಿ, ಇನ್ನು ಕಣ್ಣಾರೆ ನೋಡು" ಎಂದು ಕರೆದ. ಅವಳು ಕೈ ಒರೆಸಿಕೊಂಡು ಬಂದು ನೋಡಿದಳು. ಎತ್ತರದ ಆಳೆಂದುಕೊಂಡಿದ್ದ ಬ್ಯಾಟ್ಸ್‌ಮನ್ ಗಿಡ್ಡನಾಗಿದ್ದ. ಓವರ್ ಮುಗಿದದ್ದೇ ತಡ, ಟೂತ್‌ಪೇಸ್ಟ್ ಬಂತು. ಬೆಳ್ಳಕ್ಕಿ ಒಂದೂ ಇಲ್ಲ.

"ಚಂದ ಉಂಟು" ಎಂದು ಹೇಳಿ ಒಳಗೆ ಹೋದಳು.

ಸೋಜಿಗ ಗೊತ್ತಾದದ್ದು ಆಮೇಲೆ. ವಿಕೆಟ್ ಬಿತ್ತೆಂದು ಒಳಗೆ ರೇಡಿಯೋ ಕೇಳುತ್ತ ಅವಳು "ಅಯ್ಯೋ" ಅಂದು ಉಸಿರು ಬಿಟ್ಟ ಮೇಲಷ್ಟೇ ಹೊರಗಿನವರು "ಅಯ್ಯೋ" ಅನ್ನುತ್ತಿದ್ದರು. ಪ್ರತಿ ಸಲವೂ ಹಾಗೆಯೇ. ಮಗಳು ಚೈತನ್ಯಾ ಬಿಡಿಸಿ ಹೇಳಿದಳು: "ಮಮ್ಮೀ, ಟಿವಿ ಕಾ ಸಿಗ್ನಲ್ ಊಪರ್ ಸ್ಯಾಟಲೈಟ್ ತಕ್ ಜಾಕೇ ಆತಾ ಹೈ ನಾ. ರೇಡಿಯೋ ಸೀಧಾ ಆತಾ ಹೈ."

ಟಿವಿಯ ಚಿತ್ರ ಆಕಾಶಕ್ಕೆ ಹೋಗಿಬರುವ ಆ ಹೊತ್ತು ದಮಯಂತಿಗೆ ಬಹಳ ಹಿಡಿಸಿತು. ಹೊರಗಿನವರ ಪಾಲಿಗೆ ಚೆಂಡು ಇನ್ನೂ ಬೌಲರ್ ಕೈಯಲ್ಲೇ ಇರುವಾಗ, ಅವಳ ಪಾಲಿಗೆ ಅದು ಹೋಗಿ ನೀರಿಗೆ ಬಿದ್ದಾಗಿರುತ್ತಿತ್ತು.

ಆದರೆ ಊಟ ದಾಟಿಸುವ ಕಿಂಡಿಯಿಂದ ಅವಳ ಮುಖ ಎಲ್ಲರಿಗೂ ಕಾಣುತ್ತಿತ್ತು. ರೈಲಿನ ಕಾರ್‌ಶೆಡ್ಡಿನಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ರಘುಪತಿ ಒಂದು ದಿನ ತಟ್ಟೆ ಹಿಡಿದುಕೊಂಡೇ ಬಂದು ಗೋಳಾಡಿದ: "ಅಕ್ಕಾರ, ನಿಮ್ಮ ಮಾರಿ ನೋಡಿದ್ರ ಮ್ಯಾಚ್ ಮುಗದ್ಹೋಗ್ತದ್ರಿ. ನಾವು ಟಿವಿ ಯಾಕ ನೋಡಬೇಕು?"

ಅವಳು ನಗು ತಡೆದಳು. ಮುಖ ತಡೆಯಲಾಗಲಿಲ್ಲ.

ಒಂದು ಭಾನುವಾರ ಹಗಲಿನ ಪಂದ್ಯ. ಸಂಜೆಯಾಗುತ್ತ ಬಂದರೂ ಗೆಲುವು ಯಾರ ಕಡೆಗೆಂದು ತಿಳಿಯದು. ಹೋಟೆಲು ತುಂಬಿ ಬಾಗಿಲಲ್ಲೂ ಜನ ನಿಂತಿದ್ದರು. ಅಕ್ಕನ ರೇಡಿಯೋ ನಿಲ್ಲಿಸೆಂದು ಎಲ್ಲರೂ ದೇಜಪ್ಪನಿಗೆ ದುಂಬಾಲು ಬಿದ್ದರು. ಅವನು ಒಳಗೆ ಬಂದು, "ಇವತ್ತೊಂದಿನ ಬಂದ್ ಮಾಡು ಮಾರಾಯ್ತಿ" ಎಂದ.

ಅವಳು ರೇಡಿಯೋ ಆರಿಸಿದಳು. ಹೊರಗಿನ ಟಿವಿಯ ಕಾಮೆಂಟರಿಯವರು ಚಿತ್ರ ತೋರಿಸಿ ಸುಮ್ಮನಾಗುತ್ತಿದ್ದರು. ಬೌಲರ್ ಎಲ್ಲಿಂದ ಬಂದ, ಚೆಂಡು ಎತ್ತ ಹೋಯಿತು, ಒಂದೂ ಕಾಣಲಿಲ್ಲ. ಖಾಡಿಯ ಮೇಲೆ ಮಂಜು ಕವಿದ ಹಾಗಾಯಿತು. ಒಲೆ ನೋಡಿಕೋ ಎಂದು ಚೈತನ್ಯಾಗೆ ಹೇಳಿ, ರೇಡಿಯೋವನ್ನು ಸೊಪ್ಪಿನ ಚೀಲದಲ್ಲಿಟ್ಟುಕೊಂಡು ಹಿಂಬಾಗಿಲಿನಿಂದ ಹೊರಟುಬಿಟ್ಟಳು.

ಇಷ್ಟು ವರ್ಷ ಕಳವಾದಲ್ಲಿದ್ದೂ ಅವಳು ಖಾಡಿಯ ದಡಕ್ಕೆ ಕಾಲಿಟ್ಟಿರಲಿಲ್ಲ. ಹತ್ತಿರ ಹೋದರೆ ತನ್ನ ಮೈದಾನ ಕೆಟ್ಟೀತೆಂಬ ಭಯ. ನಿಜಕ್ಕೂ ಅಲ್ಲಿ ನಾತವಿತ್ತು, ಬೇರುಗಳಿಗೆ ಪ್ಲಾಸ್ಟಿಕ್ ಸುತ್ತಿಕೊಂಡಿತ್ತು. ಬೋರಲು ಹಾಕಿದ ದೋಣಿಯೊಂದರ ಮೇಲೆ ಕೂತು ರೇಡಿಯೋದ ಕಿವಿ ತಿರುಪಿದಳು. ಕಾಮೆಂಟರಿಯವನ ಸ್ವರ ಬಂದದ್ದೇ ಕೆಸರಿನ ಮೇಲೆ ಇಳಿಬಿಸಿಲು ಹರಡಿ ಎಲ್ಲವೂ ತಂತಮ್ಮ ಜಾಗಕ್ಕೆ ಬಂದವು. ಫೀಲ್ಡರುಗಳು ನೆರಳುಗಳ ಹಾಗೆ ಹಿಂದೆ ಸರಿದು ನಿಂತರು. ಕೊನೆಯ ಓವರ್. ಬೌಲರ್ ಸೇತುವೆಯ ಕಡೆಯಿಂದ ಓಡಿ ಬಂದ. ಸ್ವರ ಏರಿತು, ಏರುತ್ತಲೇ ಹೋಯಿತು. ಅವಳು ತಲೆಯೆತ್ತಿದಳು. ಅದೇ ಹೊತ್ತಿಗೆ ಸೇತುವೆಯ ಮೇಲೆ ಲೋಕಲ್ ಗಾಡಿ ಗಡಗಡಿಸಿ, ಕಾಂಡ್ಲಾದಿಂದ ಬೆಳ್ಳಕ್ಕಿಗಳು ನಿಜಕ್ಕೂ ಎದ್ದವು.

ಗೆದ್ದಾಗಿತ್ತು. ಆದರೆ ಕಳವಾಕ್ಕೆ ಇನ್ನೂ ಗೊತ್ತಿರಲಿಲ್ಲ. ಅಷ್ಟೂ ಚಾಳುಗಳು, ಬಿಲ್ಡಿಂಗುಗಳು ಉಸಿರು ಬಿಗಿಹಿಡಿದು ನಿಂತಿದ್ದವು. ಆ ಮೌನ ಪೂರ್ತಿ ಅವಳೊಬ್ಬಳದೇ ಆಗಿತ್ತು.

ಮರುಗಳಿಗೆ ಎಲ್ಲ ಕಿಟಕಿಗಳಿಂದ ಒಟ್ಟಿಗೆ ಕೂಗೆದ್ದಿತು. ಆಚೆ ದಡದ ಠಾಣೆಯ ಪಟಾಕಿಯ ಸದ್ದು ನೀರಿನ ಮೇಲಿಂದ ತೇಲಿ ಬಂತು.

ದೇಜಪ್ಪ ಏದುಸಿರು ಬಿಡುತ್ತ ಬಂದ. ಹೆಂಡತಿ ಸಿಟ್ಟಾಗಿ ಹೋದಳೆಂದುಕೊಂಡು, ಚೈತನ್ಯಾ ತೋರಿಸಿದ ದಾರಿ ಹಿಡಿದು, ಕೌಂಟರ್ ಬಿಟ್ಟು ಓಡಿದ್ದ. ಗಲ್ಲಿಯಲ್ಲಿ ಕೂಗು ಕೇಳಿದ್ದಷ್ಟೇ, ಆಟ ಕಂಡಿರಲಿಲ್ಲ. ಅವಳ ಮುಖ ನೋಡಿ, ಬೈಯಲು ಬಂದವನು ಮಾತು ಬದಲಿಸಿದ.

"ದಾದ ಆಂಡ್? ಏನಾಯ್ತು ಹೇಳು."

ಅವಳು ದೋಣಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಬೌಲರ್ ಬಂದ ದಾರಿ, ಬ್ಯಾಟು ಬೀಸಿದ ಬಗೆ, ಚೆಂಡು ಹೋಗಿ ಬಿದ್ದ ಜಾಗ, ಎಲ್ಲವನ್ನೂ ತುಳುವಿನಲ್ಲಿ ನಿಧಾನವಾಗಿ ಹೇಳುತ್ತ ಬೆರಳಿನಿಂದ ತೋರಿಸಿದಳು. ಬೆರಳು ಹೋದಲ್ಲಿಗೆ ಅವನ ಕಣ್ಣೂ ಹೋಯಿತು.

ಇಬ್ಬರೂ ಹೋಟೆಲಿಗೆ ಮರಳಿದಾಗ ಗಿರಾಕಿಗಳು ತಾವೇ ಸಾಂಬಾರು ಬಡಿಸಿಕೊಳ್ಳುತ್ತಿದ್ದರು. ರಘುಪತಿ ಕೇಳಿದ, "ಸೇಠ್, ಲಾಸ್ಟ್ ಬಾಲ್ ನೋಡ್ಲಿಲ್ಲೇನ್ರಿ? ಎಂಥಾ ಹೊಡತ!"

"ನೋಡಿದೆ ಮಾರಾಯ" ಎಂದ ದೇಜಪ್ಪ.